ರಕ್ತ ಕೊಡುವ ಫಾರಂನಲ್ಲಿ ಜಾತಿ ಯಾಕೆ ಕೇಳುತ್ತಾರೆ?

ತಾಂಡಾ ಮಾಸ್ತರ್, ಕಮಲಾಪುರ

ಎಲ್ಲರಿಗೂ ನಮಸ್ಕಾರ. ಇಲ್ಲಿ ಲ್ಯಾಬ್‌ನವರು, ವಕೀಲರು, ಡಾಕ್ಟರು ಎಲ್ಲರೂ ಇದ್ದೀರಿ. ಅದಕ್ಕೇ ಇಲ್ಲೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ತೊಗರಿ ಕೈಕೊಟ್ಟ ವರ್ಷ ನನ್ನ ತಮ್ಮ ಪುಣೆಗೆ ಗುಳೆ ಹೋದ. ಕಟ್ಟಡದ ಕೆಲಸ. ಜೊತೆಗೆ ನಮ್ಮ ಚಿಕ್ಕಪ್ಪನ ಮಗನೂ ಹೋದ. ಇಬ್ಬರದೂ ಒಂದೇ ವಯಸ್ಸು, ಹೆಚ್ಚು ಕಡಿಮೆ ಒಂದೇ ಎತ್ತರ. ದೀಪಾವಳಿಗೆ ಬರುತ್ತೇವೆ ಅಂದಿದ್ದರು. ಹಬ್ಬಕ್ಕೆ ಹತ್ತು ದಿನ ಇರುವಾಗ ಇಬ್ಬರ ಫೋನೂ ಬಂದ್ ಆದವು. ಎರಡು ತಿಂಗಳ ಮೇಲೆ ಅಲ್ಲಿನ ಠಾಣೆಯಿಂದ ಕರೆ ಬಂತು. ಕಲ್ಲಿನ ಖಣಿಯ ನೀರಿನಲ್ಲಿ ಒಂದು ಶವ ಸಿಕ್ಕಿದೆ, ಮುಖ ಗುರುತಿಸುವ ಹಾಗಿಲ್ಲ, ಯಾರಾದರೂ ಬಂದು ರಕ್ತ ಕೊಡಿ ಅಂದರು.

ಒಂದೇ ಶವ. ಹೋದವರು ಇಬ್ಬರು.

ನಾನು ದವಾಖಾನೆಯಲ್ಲಿ ರಕ್ತ ಕೊಟ್ಟೆ. ಫಾರಂನಲ್ಲಿ ಹೆಸರು, ವಯಸ್ಸು, ಸಂಬಂಧ ಎಲ್ಲಾ ಬರೆದ ಮೇಲೆ ಒಂದು ಕಾಲಂ: ಜಾತಿ, ಸಮುದಾಯ. ಇದು ಯಾಕೆ ಬೇಕು ಅಂತ ಕೇಳಿದೆ. "ಹಾಕ್ರಿ, ಫಾರಂನಾಗ ಐತಿ, ಹಾಕ್ರಿ" ಅಂದರು. ಬಂಜಾರಾ ಅಂತ ಬರೆದೆ. ಕೈ ನಡುಗಿತು. ನಮ್ಮ ಅಜ್ಜ ಸಣ್ಣವನಿದ್ದಾಗ ಜಾತಿ ನೋಡಿಯೇ ಠಾಣೆಯಲ್ಲಿ ಹಾಜರಿ ಹಾಕಿಸುತ್ತಿದ್ದ ಕಾಲ ಇತ್ತು ಅಂತ ಹೇಳುತ್ತಿದ್ದರು.

ಈಗ ರಿಪೋರ್ಟ್ ಬಂದಿದೆ. ಸಹೋದರ ಸಂಬಂಧ ಇರುವ ಸಾಧ್ಯತೆ ಇದೆ, ಆದರೆ ಖಚಿತವಾಗಿ ಹೇಳಲು ಸಾಲದು, ತಾಯಿಯ ಸ್ಯಾಂಪಲ್ ಕಳಿಸಿ ಅಂತ ಇದೆ. ಇನ್ನೊಂದು ವಿಷಯ. ನಮ್ಮ ಅಪ್ಪ, ಚಿಕ್ಕಪ್ಪ ಅಣ್ಣತಮ್ಮಂದಿರು. ಅವರು ಮದುವೆಯಾಗಿದ್ದು ಅಕ್ಕತಂಗಿಯರನ್ನು. ಗೋತ್ರ ಬಿಟ್ಟೇ ಕೊಡುತ್ತೇವೆ, ತರುತ್ತೇವೆ. ಆದರೆ ತಿರುಗಿ ತಿರುಗಿ ಅದೇ ನಾಲ್ಕು ತಾಂಡಾಗಳ ಒಳಗೇ. ಇದರಿಂದ ಪರೀಕ್ಷೆ ಕೆಡುತ್ತದಾ? ಜಾತಿ ಬರೆದಿದ್ದರಿಂದ ಏನಾದರೂ ತೊಂದರೆ ಆಗುತ್ತದಾ? ಯಾರಾದರೂ ಬಿಡಿಸಿ ಹೇಳಿ.

ತೊಗರಿ ಹೊಲ, ಸೇಡಂ

ಅಯ್ಯೋ ಮಾಸ್ತರ್ರೇ. ಓದಿ ಸಂಕಟ ಆಯ್ತು. ನಿಮ್ಮ ಅವ್ವ ಹೇಗಿದ್ದಾರೆ?

ತಾಂಡಾ ಮಾಸ್ತರ್, ಕಮಲಾಪುರ

ಊಟ ಬಿಟ್ಟಿದ್ದಾಳೆ ಅಣ್ಣಾ. ಚಿಕ್ಕವ್ವ ದಿನಾ ಸಂಜೆ ಬಂದು ಅವಳ ಪಕ್ಕ ಕೂಡುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ.

ಲ್ಯಾಬ್ ಅಕ್ಕ, ಬೀದರ್

ಮಾಸ್ತರ್ ಸರ್, ನಾನು ಹೈದರಾಬಾದಿನಲ್ಲಿ ಆರು ವರ್ಷ ಡಿಎನ್‌ಎ ಪರೀಕ್ಷೆಯ ಕೆಲಸ ಮಾಡಿದವಳು. ಈಗ ಊರಲ್ಲೇ ಇದ್ದೇನೆ. ನಿಮ್ಮ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ. ನಿಧಾನವಾಗಿ ಹೇಳುತ್ತೇನೆ.

ಲ್ಯಾಬ್‌ನಲ್ಲಿ ಪೂರ್ತಿ ಡಿಎನ್‌ಎ ಓದುವುದಿಲ್ಲ. ಇಪ್ಪತ್ತು ಚಿಲ್ಲರೆ ಜಾಗಗಳನ್ನು ಮಾತ್ರ ನೋಡುತ್ತೇವೆ. ಆ ಜಾಗಗಳಲ್ಲಿ ಹೆಚ್ಚಾಗಿ ನಾಲ್ಕು ಅಕ್ಷರದ ಒಂದು ತುಂಡು ಮತ್ತೆ ಮತ್ತೆ ಬರುತ್ತದೆ. ಒಬ್ಬರಲ್ಲಿ ಏಳು ಸಲ, ಇನ್ನೊಬ್ಬರಲ್ಲಿ ಹನ್ನೊಂದು ಸಲ. ಇದಕ್ಕೆ ಎಸ್‌ಟಿಆರ್ ಅನ್ನುತ್ತೇವೆ. ಪ್ರತಿ ಜಾಗದಲ್ಲೂ ನಿಮಗೆ ಎರಡು ಸಂಖ್ಯೆ ಇರುತ್ತವೆ. ಒಂದು ಅವ್ವನಿಂದ ಬಂದದ್ದು, ಒಂದು ಅಪ್ಪನಿಂದ ಬಂದದ್ದು. ಈ ಸಂಖ್ಯೆಗಳಿಂದ ನಿಮ್ಮ ಬಣ್ಣ, ಬುದ್ಧಿ, ಗುಣ ಏನೂ ಗೊತ್ತಾಗುವುದಿಲ್ಲ. ಗುರುತಿಗೆ ಮಾತ್ರ.

ಈಗ ನಿಮ್ಮ ಮನೆಯ ಲೆಕ್ಕ. ಒಂದೇ ಅಪ್ಪ ಅವ್ವನ ಇಬ್ಬರು ಮಕ್ಕಳನ್ನು ತಗೊಳ್ಳಿ. ಒಂದು ಜಾಗದಲ್ಲಿ ಇಬ್ಬರಿಗೂ ಎರಡೂ ಸಂಖ್ಯೆ ಒಂದೇ ಮೂಲದಿಂದ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ಸಂಖ್ಯೆ ಮಾತ್ರ ಹಾಗೆ ಬಂದಿರುವುದು ನಾಲ್ಕರಲ್ಲಿ ಎರಡು. ಏನೂ ಹಂಚಿಕೊಳ್ಳದೆ ಇರುವುದು ನಾಲ್ಕರಲ್ಲಿ ಒಂದು. ಅಂದರೆ ಒಡಹುಟ್ಟಿದವರಲ್ಲೂ ಇಪ್ಪತ್ತು ಜಾಗಗಳ ಪೈಕಿ ಸುಮಾರು ಐದರಲ್ಲಿ ಏನೂ ಹಂಚಿಕೆ ಇರುವುದಿಲ್ಲ. ಇದು ಸಹಜ.

ನಿಮ್ಮ ಚಿಕ್ಕಪ್ಪನ ಮಗ ಸಾಮಾನ್ಯ ಚಿಕ್ಕಪ್ಪನ ಮಗ ಅಲ್ಲ. ಅಪ್ಪಂದಿರು ಅಣ್ಣತಮ್ಮ, ಅವ್ವಂದಿರು ಅಕ್ಕತಂಗಿ. ಅಜ್ಜ ಅಜ್ಜಿ ನಾಲ್ವರೂ ಒಬ್ಬರೇ. ಇಂಥವರಲ್ಲಿ ಹದಿನಾರರಲ್ಲಿ ಒಂಬತ್ತು ಪಾಲು ಜಾಗಗಳಲ್ಲಿ ಹಂಚಿಕೆ ಇರುವುದಿಲ್ಲ. ಇಪ್ಪತ್ತಕ್ಕೆ ಹನ್ನೊಂದು ಅಂದುಕೊಳ್ಳಿ. ಐದು ಮತ್ತು ಹನ್ನೊಂದು ದೂರ ದೂರ ಕಾಣುತ್ತವೆ. ಆದರೆ ಸಂಬಂಧವೇ ಇಲ್ಲದ ಇಬ್ಬರಲ್ಲೂ ಕೆಲವು ಸಂಖ್ಯೆ ಆಕಸ್ಮಿಕವಾಗಿ ಒಂದೇ ಆಗಿರುತ್ತವೆ. ಯಾವ ಸಂಖ್ಯೆ ಎಷ್ಟು ಜನರಲ್ಲಿ ಇರುತ್ತದೆ ಅನ್ನುವುದು ಇಲ್ಲೇ ಮುಖ್ಯ ಆಗುತ್ತದೆ. ನಾಲ್ಕು ತಾಂಡಾಗಳ ಒಳಗೇ ಸಂಬಂಧ ಬೆಳೆಸಿದ್ದರೆ, ಹೊರಗೆ ಅಪರೂಪದ ಒಂದು ಸಂಖ್ಯೆ ನಿಮ್ಮೊಳಗೆ ಸಾಮಾನ್ಯ ಆಗಿರಬಹುದು. ಲ್ಯಾಬ್‌ನವರು ಯಾವ ಸಂಖ್ಯೆ ಎಷ್ಟು ಸಾಮಾನ್ಯ ಅನ್ನುವ ಇಡೀ ದೇಶದ ಪಟ್ಟಿ ಹಿಡಿದು ಲೆಕ್ಕ ಹಾಕಿದರೆ "ಇಷ್ಟು ಅಪರೂಪದ ಸಂಖ್ಯೆ ಇಬ್ಬರಲ್ಲೂ ಇದೆ, ಅಣ್ಣತಮ್ಮರೇ ಇರಬೇಕು" ಅನ್ನಿಸುತ್ತದೆ. ನಿಜದಲ್ಲಿ ಅದು ಚಿಕ್ಕಪ್ಪನ ಮಗ ಆಗಿರಬಹುದು. ಇಲ್ಲ, ಪಕ್ಕದ ತಾಂಡಾದ ಬೇರೆ ಹುಡುಗನೂ ಆಗಿರಬಹುದು.

ಹಾಗಾಗಿ ನಿಮ್ಮ ಲ್ಯಾಬ್‌ನವರು "ಸಾಲದು" ಅಂದದ್ದು ಒಳ್ಳೆಯ ಕೆಲಸ. ಆತುರ ಮಾಡಿ ತಮ್ಮನದೇ ಅಂತ ಬರೆದಿದ್ದರೆ ನಿಮಗೆ ತಪ್ಪು ದೇಹ ಕೊಡುವ ಅಪಾಯ ಇತ್ತು.

ಅವ್ವನ ರಕ್ತ ಕೊಡಿ. ಚಿಕ್ಕವ್ವನದೂ ಕೊಡಿ, ಇದು ಬಹಳ ಮುಖ್ಯ. ಹೆತ್ತ ತಾಯಿಗೂ ಮಗನಿಗೂ ಪ್ರತಿ ಜಾಗದಲ್ಲೂ ಒಂದು ಸಂಖ್ಯೆ ಕೂಡಲೇಬೇಕು. ತಲೆಮಾರು ದಾಟುವಾಗ ಅಪರೂಪಕ್ಕೆ ಒಂದು ಜಾಗ ಬದಲಾಗಬಹುದು, ಅಷ್ಟೇ. ತಾಯಿಯ ತಂಗಿಗೆ ಹಾಗಿಲ್ಲ. ಅರ್ಧದಷ್ಟು ಜಾಗಗಳಲ್ಲಿ ಮಾತ್ರ ಹಂಚಿಕೆ. ಕೆಲವು ಜಾಗಗಳಲ್ಲಿ ತಪ್ಪೇ ತಪ್ಪುತ್ತದೆ. ಇಬ್ಬರ ಸ್ಯಾಂಪಲ್ ಪಕ್ಕಪಕ್ಕ ಇಟ್ಟರೆ ಯಾರ ಮಗ ಅಂತ ಗೊತ್ತಾಗುತ್ತದೆ.

ಸುರಪುರದ ಹುಡುಗ

ಅಕ್ಕಾ, ವೈ ಕ್ರೋಮೋಸೋಮ್ ನೋಡಿದರೆ ಆಗಲ್ವಾ? ಅದು ಸುಲಭ ಅಂತ ಕಾಲೇಜಿನಲ್ಲಿ ಓದಿದ್ದೆ.

ಲ್ಯಾಬ್ ಅಕ್ಕ, ಬೀದರ್

ಒಳ್ಳೆ ಪ್ರಶ್ನೆ ತಮ್ಮಾ. ಆದರೆ ಈ ಮನೆಯಲ್ಲಿ ಆಗಲ್ಲ. ವೈ ಅಪ್ಪನಿಂದ ಮಗನಿಗೆ ಹಾಗೇ ಇಳಿಯುತ್ತದೆ. ಅಜ್ಜ, ಅಪ್ಪ, ಚಿಕ್ಕಪ್ಪ, ಮಾಸ್ತರರು, ಕಳೆದುಹೋದ ಇಬ್ಬರು ಹುಡುಗರು, ಎಲ್ಲರದೂ ಒಂದೇ ವೈ. ಒಂದು ಗೋತ್ರದ ಗಂಡಸರೆಲ್ಲಾ ನಿಜವಾಗಿ ಒಬ್ಬನೇ ಮೂಲಪುರುಷನಿಂದ ಬಂದಿದ್ದರೆ ಅವರಲ್ಲೂ ಅದೇ ಸಿಗಬಹುದು.

ತಾಯಿ ಕಡೆಯಿಂದ ಇಳಿಯುವುದು ಮೈಟೊಕಾಂಡ್ರಿಯಾದ ಡಿಎನ್‌ಎ. 16,569 ಅಕ್ಷರದ ಸಣ್ಣ ಉಂಗುರ. ಹಳೆ ಮೂಳೆ, ಹಲ್ಲು, ಕೂದಲಿನಲ್ಲೂ ಉಳಿಯುತ್ತದೆ. ಬೇರೆ ಮನೆಯಾದರೆ ಅದರಿಂದ ಅಣ್ಣತಮ್ಮನನ್ನೂ ಚಿಕ್ಕಪ್ಪನ ಮಗನನ್ನೂ ಬೇರೆ ಮಾಡಬಹುದಿತ್ತು. ಇಲ್ಲಿ ಅವ್ವಂದಿರೂ ಅಕ್ಕತಂಗಿಯರು. ಅದೂ ಒಂದೇ. ಎರಡು ಬಾಗಿಲೂ ಮುಚ್ಚಿವೆ. ಅದಕ್ಕೇ ತಾಯಂದಿರ ರಕ್ತ ಅಂತ ಒತ್ತಿ ಹೇಳಿದೆ.

ವಕೀಲ, ಕಲಬುರಗಿ

ಜಾತಿ ಕಾಲಂ ಬಗ್ಗೆ ನನಗೂ ಬೇಸರ ಇದೆ. ಯಾಕೆ ಕೇಳುತ್ತಾರೆ ಅಂತ ಫಾರಂ ಮೇಲೆ ಎರಡು ಸಾಲು ಬರೆದರೆ ಏನು ಹೋಗುತ್ತದೆ? ರಕ್ತ ಕೊಡುವವನು ಯಾವ ಸ್ಥಿತಿಯಲ್ಲಿ ಬಂದಿರುತ್ತಾನೆ ಅಂತ ಯೋಚನೆ ಮಾಡಬೇಕು.

ಅಕ್ಕಾವರೇ, ನಿಮ್ಮನ್ನು ಒಂದು ಕೇಳುತ್ತೇನೆ. ನಿಜವಾಗಲೂ ಆ ಕಾಲಂ ಲೆಕ್ಕಕ್ಕೆ ಬೇಕಾ?

ಲ್ಯಾಬ್ ಅಕ್ಕ, ಬೀದರ್

ಬೇಕು ಅನ್ನುವುದಕ್ಕೆ ಒಂದು ಕಾರಣ ಇದೆ ಸರ್. ಯಾವ ಗುಂಪಿನ ಪಟ್ಟಿ ಹಿಡಿದು ಲೆಕ್ಕ ಹಾಕಬೇಕು ಅಂತ ಅದರಿಂದ ಗೊತ್ತಾಗುತ್ತದೆ. ಆದರೆ ಈಗ ಕೇಳುವ ರೀತಿಯಲ್ಲಿ ಬೇಡ.

ಒಂದು ಲೆಕ್ಕ ಹಾಕೋಣ. ಇದು ಉದಾಹರಣೆಗೆ ಮಾತ್ರ, ಯಾವ ಸಮುದಾಯದ್ದೂ ಅಲ್ಲ. ಒಂದು ಜಾಗದಲ್ಲಿ ಒಬ್ಬನಿಗೆ ಎರಡು ಬೇರೆ ಬೇರೆ ಸಂಖ್ಯೆ ಇವೆ. ಮೊದಲ ಗುಂಪಿನಲ್ಲಿ ಆ ಎರಡೂ ನೂರಕ್ಕೆ ಹತ್ತರಷ್ಟು ಸಿಗುತ್ತವೆ. ಆಗ ಆ ಜೋಡಿ ಇರುವವರು ನೂರಕ್ಕೆ ಇಬ್ಬರು. ಎರಡನೇ ಗುಂಪಿನಲ್ಲಿ ಅವು ನೂರಕ್ಕೆ ಇಪ್ಪತ್ತು ಸಿಕ್ಕರೆ, ಜೋಡಿ ಇರುವವರು ನೂರಕ್ಕೆ ಎಂಟು. ನಾಲ್ಕು ಪಟ್ಟು ವ್ಯತ್ಯಾಸ. ಐದು ಜಾಗಗಳಲ್ಲಿ ಇದೇ ಆದರೆ ಸಾವಿರ ಪಟ್ಟು ದಾಟುತ್ತದೆ. "ಇಂಥ ಹೊಂದಾಣಿಕೆ ಇಷ್ಟು ಕೋಟಿಯಲ್ಲಿ ಒಬ್ಬರಿಗೆ" ಅಂತ ಕೋರ್ಟಿನಲ್ಲಿ ಓದುವ ಸಂಖ್ಯೆ ಇಲ್ಲಿಂದಲೇ ಬರುತ್ತದೆ. ವಾಸ್ತವದಲ್ಲಿ ಒಂದು ಜಾಗದಲ್ಲಿ ಹೆಚ್ಚಾದರೆ ಇನ್ನೊಂದರಲ್ಲಿ ಕಡಿಮೆ ಆಗಿ ಸಾಕಷ್ಟು ಸಮ ಆಗುತ್ತದೆ. ಪೂರ್ತಿ ಇಪ್ಪತ್ತು ಜಾಗಗಳ ಸ್ವಚ್ಛ ಹೊಂದಾಣಿಕೆ ಇದ್ದರೆ ಯಾವ ಪಟ್ಟಿ ಹಿಡಿದರೂ ತೀರ್ಮಾನ ಬದಲಾಗುವುದಿಲ್ಲ. ಆದರೆ ನೀರಿನಲ್ಲಿ ಕೊಳೆತ ದೇಹದಿಂದ ಎಂಟು ಹತ್ತು ಜಾಗ ಮಾತ್ರ ಸಿಕ್ಕಾಗ, ಮೂರು ಜನರ ರಕ್ತ ಕಲಸಿದಾಗ, ಹತ್ತಿರದ ನೆಂಟರನ್ನು ಬೇರೆ ಮಾಡಬೇಕಾದಾಗ, ಆಗ ಪಟ್ಟಿ ಯಾವುದು ಅನ್ನುವುದು ನಿಜವಾಗಲೂ ಮುಖ್ಯ.

ಇದರ ಮೇಲೆ ಅಮೆರಿಕದಲ್ಲಿ ದೊಡ್ಡ ಜಗಳವೇ ಆಗಿತ್ತು. 1991ರಲ್ಲಿ ಲೆವೊಂಟಿನ್, ಹಾರ್ಟ್ಲ್ ಎಂಬ ಇಬ್ಬರು ವಿಜ್ಞಾನಿಗಳು ತಕರಾರು ಎತ್ತಿದರು. ದೊಡ್ಡ ಜನಾಂಗದ ಸರಾಸರಿ ಹಿಡಿದು ಲೆಕ್ಕ ಹಾಕುತ್ತೀರಿ, ಒಳಗಿನ ಸಣ್ಣ ಗುಂಪುಗಳ ವ್ಯತ್ಯಾಸ ಮರೆಯುತ್ತೀರಿ ಅಂತ. ಎದುರು ನಿಂತು ಉತ್ತರ ಕೊಟ್ಟವರಲ್ಲಿ ನಮ್ಮ ದೇಶದ ರಣಜಿತ್ ಚಕ್ರವರ್ತಿ ಒಬ್ಬರು. ವ್ಯತ್ಯಾಸ ಇದೆ, ಆದರೆ ತೀರ್ಮಾನ ತಲೆಕೆಳಗು ಮಾಡುವಷ್ಟಿಲ್ಲ ಅನ್ನುವುದು ಅವರ ವಾದ. ಕೊನೆಗೆ ಒಂದು ದಾರಿ ಸಿಕ್ಕಿತು. ಲೆಕ್ಕದಲ್ಲಿ ಥೀಟಾ ಅಂತ ಒಂದು ತಿದ್ದುಪಡಿ ಸೇರಿಸುವುದು. ಒಂದೇ ಗುಂಪಿನವರಲ್ಲಿ ಹಳೆ ರಕ್ತಸಂಬಂಧ ಇರುತ್ತದೆ ಅಂತ ಮೊದಲೇ ಒಪ್ಪಿಕೊಂಡು ಸಂಖ್ಯೆಯನ್ನು ಸ್ವಲ್ಪ ತಗ್ಗಿಸುವುದು. ಥೀಟಾದ ಬೆಲೆ ಸಾಮಾನ್ಯವಾಗಿ 0.01, ಸಣ್ಣ ಒಂಟಿ ಗುಂಪಾದರೆ 0.03. ಅನುಮಾನದ ಲಾಭ ಆರೋಪಿಗೆ ಹೋಗುತ್ತದೆ.

ನನ್ನ ಅಭಿಪ್ರಾಯ ಇಷ್ಟು. ರಕ್ತ ಕೊಟ್ಟವನ ಜಾತಿ ಕೇಳುವ ಬದಲು ಎಲ್ಲ ಪಟ್ಟಿಗಳಲ್ಲೂ ಲೆಕ್ಕ ಹಾಕಿ, ಅತಿ ಎಚ್ಚರಿಕೆಯ ಸಂಖ್ಯೆಯನ್ನು ಬರೆಯಬೇಕು. ಸಂಬಂಧದ ಪ್ರಶ್ನೆ ಇದ್ದಾಗ ಮಾತ್ರ ವಂಶವೃಕ್ಷ ಕೇಳಬೇಕು, ಜಾತಿ ಅಲ್ಲ. ಮಾಸ್ತರರ ಪ್ರಕರಣದಲ್ಲಿ ಉಪಯೋಗಕ್ಕೆ ಬರುವ ಮಾಹಿತಿ ಯಾವುದು? "ಬಂಜಾರಾ" ಅನ್ನುವುದಲ್ಲ. "ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಮದುವೆಯಾಗಿದ್ದಾರೆ" ಅನ್ನುವುದು. ಅದನ್ನು ಕೇಳುವ ಕಾಲಂ ಆ ಫಾರಂನಲ್ಲಿ ಇರಲೇ ಇಲ್ಲ ಅಲ್ವಾ ಸರ್?

ತಾಂಡಾ ಮಾಸ್ತರ್, ಕಮಲಾಪುರ

ಇರಲಿಲ್ಲ ಅಕ್ಕಾ. ಯಾರೂ ಕೇಳಲೂ ಇಲ್ಲ.

ಲ್ಯಾಬ್ ಅಕ್ಕ, ಬೀದರ್

ಹಾಗಾದರೆ ಅವ್ವಂದಿರನ್ನು ಕರೆದುಕೊಂಡು ಹೋಗುವಾಗ ಒಂದು ಬಿಳಿ ಹಾಳೆಯಲ್ಲಿ ವಂಶವೃಕ್ಷ ಬರೆದು, ಸಹಿ ಮಾಡಿ, ಸ್ಯಾಂಪಲ್ ಜೊತೆ ಕಳಿಸಿ. ತನಿಖಾಧಿಕಾರಿಗೂ ಒಂದು ಪ್ರತಿ ಕೊಡಿ. ಕಳೆದುಹೋದವರು ಇಬ್ಬರು ಅಂತ ದೊಡ್ಡದಾಗಿ ಬರೆಯಿರಿ.

ತೊಗರಿ ಹೊಲ, ಸೇಡಂ

ನಾನು ಮದುವೆಯಾಗಿದ್ದು ನಮ್ಮ ಅಕ್ಕನ ಮಗಳನ್ನು. ನಮ್ಮ ಕಡೆ ಇದು ಹೊಸದೇನಲ್ಲ. ಇಂಥ ಮನೆಯ ಮಕ್ಕಳಿಗೂ ಈ ಪರೀಕ್ಷೆ ಸರಿಯಾಗಿ ಆಗುತ್ತದಾ?

ಲ್ಯಾಬ್ ಅಕ್ಕ, ಬೀದರ್

ಆಗುತ್ತದೆ ಅಣ್ಣಾ. ಯಾವುದೇ ಒಂದು ಜಾಗದಲ್ಲಿ ನಿಮ್ಮ ಮಕ್ಕಳ ಎರಡೂ ಸಂಖ್ಯೆ ಒಬ್ಬನೇ ಹಿರಿಯನಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಸೋದರತ್ತೆ, ಸೋದರಮಾವನ ಮಕ್ಕಳು ಮದುವೆಯಾದರೆ ಹದಿನಾರರಲ್ಲಿ ಒಂದು. ಇದನ್ನು ಮೊದಲೇ ತಿಳಿಸಿದರೆ ಲೆಕ್ಕದಲ್ಲಿ ಸೇರಿಸುತ್ತಾರೆ. ತಿಳಿಸದಿದ್ದರೆ ಸಂಖ್ಯೆ ತಪ್ಪುತ್ತದೆ. ತಂದೆ ಯಾರು ಅನ್ನುವ ವ್ಯಾಜ್ಯದಲ್ಲಿ ಗಂಡನೋ ಗಂಡನ ತಮ್ಮನೋ ಅನ್ನುವ ಪ್ರಶ್ನೆ ಬಂದಾಗ ಇನ್ನೂ ಹೆಚ್ಚು ಜಾಗಗಳನ್ನು ನೋಡಬೇಕಾಗುತ್ತದೆ.

ಅರಿವಳಿಕೆ ಡಾಕ್ಟರ್, ಕಲಬುರಗಿ

ಗುಂಪಿನ ಒಳಗೇ ಮದುವೆ ಅನ್ನುವುದು ಡಿಎನ್‌ಎಯಲ್ಲಿ ಎಷ್ಟು ಆಳ ಇಳಿದಿದೆ ಅಂತ ನನಗೆ ಆಪರೇಷನ್ ಥಿಯೇಟರಿನಲ್ಲಿ ಅನುಭವ ಇದೆ. ಹೇಳುತ್ತೇನೆ.

ಅರಿವಳಿಕೆ ಕೊಡುವಾಗ ಸಕ್ಸಿನೈಲ್‌ಕೋಲಿನ್ ಅಂತ ಒಂದು ಔಷಧಿ ಬಳಸುತ್ತೇವೆ. ಸ್ನಾಯು ಸಡಿಲ ಆಗಲು. ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಅದು ಇಳಿದುಹೋಗುತ್ತದೆ, ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಒಡೆಯುತ್ತದೆ. ಆ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಅವರಿಗೆ ಈ ಔಷಧಿ ಕೊಟ್ಟರೆ ಗಂಟೆಗಟ್ಟಲೆ ಉಸಿರಾಡಲು ಆಗುವುದಿಲ್ಲ, ಯಂತ್ರದ ಮೇಲೆ ಇಡಬೇಕು. ಪಕ್ಕದ ತೆಲುಗು ನಾಡಿನ ವೈಶ್ಯ ಸಮುದಾಯದಲ್ಲಿ ಇದು ಬೇರೆಯವರಿಗಿಂತ ಜಾಸ್ತಿ. ಬಹಳ ಹಿಂದೆ ಆ ಸಮುದಾಯ ಕೆಲವೇ ಮಂದಿಯಿಂದ ಬೆಳೆಯಿತು, ಆಮೇಲೆ ಹೊರಗೆ ಸಂಬಂಧ ಮಾಡಲಿಲ್ಲ. ಆ ಕೆಲವರಲ್ಲಿ ಒಬ್ಬರ ಹತ್ತಿರ ಇದ್ದ ದೋಷ ಮುಂದಿನವರಲ್ಲಿ ಹೆಚ್ಚು ಹರಡಿತು. 2009ರಲ್ಲಿ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಲಾಲ್ಜಿ ಸಿಂಗ್, ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ತಂಡ 25 ಗುಂಪುಗಳ 132 ಜನರ ಡಿಎನ್‌ಎ ನೋಡಿತು. ವೈಶ್ಯರಲ್ಲಿ ಸುಮಾರು ನೂರು ತಲೆಮಾರುಗಳಿಂದ ಹೊರಗಿನ ಬೆರಕೆ ತೀರಾ ಕಡಿಮೆ ಅಂತ ಲೆಕ್ಕ ಹಾಕಿತು. 2017ರಲ್ಲಿ ಇನ್ನೂ ದೊಡ್ಡ ಅಧ್ಯಯನ ಬಂತು. ಅದರಲ್ಲಿ 263 ಗುಂಪುಗಳಿದ್ದವು. ಅವುಗಳಲ್ಲಿ 81 ಗುಂಪುಗಳಲ್ಲಿ ಈ ಪರಿಣಾಮ, ಇದಕ್ಕೇ ಹೆಸರಾದ ಫಿನ್ಲೆಂಡಿನವರಿಗಿಂತಲೂ ಜಾಸ್ತಿ ಇತ್ತು.

ಒಂದೇ ಊರು, ಒಂದೇ ಬಾವಿ, ಒಂದೇ ಮಾತು. ಆದರೂ ಎರಡು ಓಣಿಗಳ ನಡುವೆ ರಕ್ತ ಬೆರೆತಿಲ್ಲ. ಇದನ್ನು ಓದಿದಾಗಲೆಲ್ಲಾ ನನಗೆ ಬೇಜಾರಾಗುತ್ತದೆ.

ಇತಿಹಾಸ ಓದುಗ, ಬಸವಕಲ್ಯಾಣ

ನಮ್ಮ ಊರಲ್ಲೇ ಹನ್ನೆರಡನೇ ಶತಮಾನದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆಯಿತು. ಆ ಮದುವೆಗೆ ಕೊಟ್ಟ ಬೆಲೆ ಏನು ಅಂತ ಎಲ್ಲರಿಗೂ ಗೊತ್ತು. ಡಾಕ್ಟರ್ ಹೇಳಿದ ನೂರು ತಲೆಮಾರಿನ ಗೋಡೆ ಅದೇ.

ಇನ್ನೊಂದು ಕಡೆ ಬೀದರ್ ನೋಡಿ. ಬಹಮನಿಯರ ಕಾಲಕ್ಕೆ ಇರಾನಿನಿಂದ, ತುರ್ಕಿಯಿಂದ, ಆಫ್ರಿಕಾದಿಂದ ಜನ ಬಂದರು. ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನ್ ಸೀಮೆಯವನು. ಹಬ್ಶಿ ಕೋಟ್ ಅನ್ನುವ ಹೆಸರು ಇವತ್ತಿಗೂ ಉಳಿದಿದೆ. ಅವರ ವಂಶದವರು ಈಗ ಯಾರ್ಯಾರ ಮನೆಯಲ್ಲಿ ಬೆರೆತಿದ್ದಾರೋ. ಮುಖ ನೋಡಿ ಹೇಳಲು ಆಗುವುದಿಲ್ಲ.

ಸುರಪುರದ ಹುಡುಗ

ಹಾಗಾದರೆ ಡಿಎನ್‌ಎ ಪರೀಕ್ಷೆ ಮಾಡಿಸಿ ಜಾತಿ ಸಾಬೀತು ಮಾಡಬಹುದಾ? ನಮ್ಮ ಗೆಳೆಯನ ಜಾತಿ ಪ್ರಮಾಣಪತ್ರದ ಅರ್ಜಿ ಎರಡು ವರ್ಷದಿಂದ ಓಡಾಡುತ್ತಿದೆ. ಪರೀಕ್ಷೆ ಮಾಡಿಸಿದರೆ ಬೇಗ ಆಗುತ್ತದಾ ಅಂತ ಕೇಳುತ್ತಿದ್ದಾನೆ.

ವಕೀಲ, ಕಲಬುರಗಿ

ಆಗುವುದಿಲ್ಲಪ್ಪಾ. ದುಡ್ಡು ಹಾಳು ಮಾಡಬೇಡಿ ಅಂತ ಹೇಳು. ತಹಸೀಲ್ದಾರ್ ಕಚೇರಿ ನೋಡುವುದು ಅಪ್ಪ, ಅಜ್ಜನ ಶಾಲೆ ದಾಖಲೆ, ಹಳೆ ಕಂದಾಯ ಕಾಗದ. ಪರಿಶಿಷ್ಟ ಪಂಗಡದ ವಿಚಾರಣೆಯಲ್ಲಿ ಆಚಾರ, ಸಂಪ್ರದಾಯ, ದೇವರು ಅಂತ ಕೇಳುವ ಪರೀಕ್ಷೆ ಒಂದಿದೆ. ಅದನ್ನೂ ಎಲ್ಲ ಪ್ರಕರಣಕ್ಕೂ ಕೊನೆಯ ಅಳತೆ ಮಾಡಬೇಡಿ ಅಂತ 2023ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಕ್ತದ ಮಾತು ಎಲ್ಲೂ ಇಲ್ಲ.

ಲ್ಯಾಬ್ ಅಕ್ಕ, ಬೀದರ್

ವಿಜ್ಞಾನದ ಕಡೆಯಿಂದಲೂ ಆಗುವುದಿಲ್ಲ. ಲೆವೊಂಟಿನ್ ಅವರೇ 1972ರಲ್ಲಿ ತೋರಿಸಿದ್ದರು. ಮನುಷ್ಯರ ನಡುವಿನ ಒಟ್ಟು ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 85 ಪಾಲು ಒಂದೇ ಜನಸಮೂಹದ ಒಳಗೇ ಇದೆ. ಉಳಿದದ್ದು ಸಮೂಹ ಸಮೂಹಗಳ ನಡುವೆ. ನಾವು ನೋಡುವ ಇಪ್ಪತ್ತು ಜಾಗಗಳಲ್ಲಿ "ಇದು ಈ ಜಾತಿಯ ಸಂಖ್ಯೆ" ಅನ್ನುವಂಥದ್ದು ಒಂದೂ ಇಲ್ಲ. ಹೆಚ್ಚುಕಡಿಮೆ ಎಲ್ಲ ಸಂಖ್ಯೆಗಳೂ ಎಲ್ಲ ಸಮುದಾಯಗಳಲ್ಲೂ ಇವೆ. ಪ್ರಮಾಣ ಮಾತ್ರ ಹೆಚ್ಚು ಕಡಿಮೆ.

ನಿವೃತ್ತ ಪಿಎಸ್‌ಐ, ಆಳಂದ

ಎಲ್ಲರೂ ಹೇಳಿದ್ದು ಓದಿದೆ. ಮಾಸ್ತರರ ಅಜ್ಜನ ಮಾತು ಸುಳ್ಳಲ್ಲ. ನಾನು ಕೆಲಸಕ್ಕೆ ಸೇರಿದಾಗಲೂ ಹಿರಿಯರು ಕಳವು ಆದ ತಕ್ಷಣ ಮೊದಲು ತಾಂಡಾ ಕಡೆ ಜೀಪು ತಿರುಗಿಸುತ್ತಿದ್ದರು. ನಾನೂ ಹೋಗಿದ್ದೇನೆ. ಈಗ ನೆನೆದರೆ ಮನಸ್ಸಿಗೆ ಸರಿ ಅನ್ನಿಸುವುದಿಲ್ಲ.

ಆದರೂ ಒಂದು ಪ್ರಶ್ನೆ. ಸ್ಥಳದಲ್ಲಿ ರಕ್ತ ಸಿಕ್ಕಿದೆ, ಯಾರದ್ದು ಅಂತ ಗೊತ್ತಿಲ್ಲ. ಯಾವ ಸೀಮೆಯವನು ಅಂತ ಡಿಎನ್‌ಎಯಿಂದ ಸುಳಿವು ಸಿಕ್ಕರೆ ತನಿಖೆಗೆ ಸಹಾಯ ಅಲ್ಲವೇ?

ಲ್ಯಾಬ್ ಅಕ್ಕ, ಬೀದರ್

ಸರ್, ಎರಡು ಘಟನೆ ಹೇಳುತ್ತೇನೆ. ನೀವೇ ತೂಗಿ ನೋಡಿ.

ನೆದರ್ಲೆಂಡ್ಸ್‌ನಲ್ಲಿ 1999ರಲ್ಲಿ ಮರಿಯಾನ್ನೆ ವಾಟ್ಸ್‌ಟ್ರಾ ಎಂಬ 16 ವರ್ಷದ ಹುಡುಗಿಯ ಕೊಲೆ ಆಯಿತು. ಹತ್ತಿರದಲ್ಲೇ ಹೊರದೇಶದಿಂದ ಆಶ್ರಯ ಕೇಳಿ ಬಂದವರ ಶಿಬಿರ ಇತ್ತು. ಊರವರ ಸಿಟ್ಟೆಲ್ಲಾ ಅವರ ಮೇಲೆ ತಿರುಗಿತು. ಆದರೆ ವೈ ಕ್ರೋಮೋಸೋಮ್ ನೋಡಿದ ವಿಜ್ಞಾನಿ, ಇದು ವಾಯವ್ಯ ಯುರೋಪಿನ ಗಂಡಸಿನದು ಅನ್ನಿಸುತ್ತದೆ ಅಂದರು. 2012ರಲ್ಲಿ ಆ ಸೀಮೆಯ ಸಾವಿರಾರು ಗಂಡಸರು ಸ್ವಂತ ಇಚ್ಛೆಯಿಂದ ಸ್ಯಾಂಪಲ್ ಕೊಟ್ಟರು. ಸಿಕ್ಕಿಬಿದ್ದವನು ಅಲ್ಲೇ ಹತ್ತಿರದ ಹೈನುಗಾರ. ಇಲ್ಲಿ ಗುಂಪಿನ ಸುಳಿವು ಅಮಾಯಕರನ್ನು ಉಳಿಸಿತು.

ಇನ್ನೊಂದು ಜರ್ಮನಿಯದ್ದು. 2007ರ ಏಪ್ರಿಲ್‌ನಲ್ಲಿ ಹೈಲ್‌ಬ್ರಾನ್ ಊರಿನಲ್ಲಿ ಒಬ್ಬ ಮಹಿಳಾ ಪೊಲೀಸ್ ಕೊಲೆ ಆಯಿತು. ಕಾರಿನಲ್ಲಿ ಒಬ್ಬ ಹೆಂಗಸಿನ ಡಿಎನ್‌ಎ ಸಿಕ್ಕಿತು. ಅದೇ ಡಿಎನ್‌ಎ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಹತ್ತಾರು ಕಡೆ ಸಿಕ್ಕಿತ್ತು. ಪೂರ್ವ ಯುರೋಪಿನ ಕಡೆಯವಳು ಅಂತ ಊಹೆ ಬಂತು. ಅನುಮಾನ ರೋಮಾ ಜನರ ಮೇಲೆ ಹೋಯಿತು. ಈ ರೋಮಾ ಜನರ ಮೂಲ ಭಾರತ ಅಂತ ಭಾಷೆಯೂ ಹೇಳುತ್ತದೆ, ಡಿಎನ್‌ಎಯೂ ಹೇಳುತ್ತದೆ. ಅಲೆಮಾರಿಗಳು ಅಂತ ಅಲ್ಲೂ ಅವರನ್ನು ಮೊದಲು ಹಿಡಿಯುತ್ತಾರೆ. 2009ರ ಮಾರ್ಚ್‌ನಲ್ಲಿ ಸತ್ಯ ಗೊತ್ತಾಯಿತು. ಸ್ಯಾಂಪಲ್ ತೆಗೆಯುವ ಹತ್ತಿಕಡ್ಡಿ ತಯಾರಾಗುವ ಕಡೆ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸಿನ ಡಿಎನ್‌ಎ ಕಡ್ಡಿಗಳಲ್ಲೇ ಅಂಟಿಕೊಂಡಿತ್ತು. ಅಪರಾಧಿ ಹೆಂಗಸು ಇರಲೇ ಇಲ್ಲ. 2011ರಲ್ಲಿ ಆ ಕೊಲೆಯ ಹಿಂದೆ ನವನಾಜಿ ಗುಂಪು ಇತ್ತು ಅಂತ ಹೊರಬಂತು.

ಎರಡೂ ಕಡೆ ವಿಜ್ಞಾನ ಒಂದೇ. ಮೊದಲನೆಯದರಲ್ಲಿ ಸುಳಿವಿನ ನಂತರ ಒಬ್ಬೊಬ್ಬರನ್ನೂ ಬೇರೆಯಾಗಿ ಪರೀಕ್ಷೆ ಮಾಡಿದರು. ಎರಡನೆಯದರಲ್ಲಿ ಸುಳಿವನ್ನೇ ಒಂದು ಜನಾಂಗದ ಮೇಲೆ ಹೊರಿಸಿದರು.

ನಿವೃತ್ತ ಪಿಎಸ್‌ಐ, ಆಳಂದ

ಅರ್ಥ ಆಯಿತಮ್ಮಾ. ಇದನ್ನು ಈಗಿನ ಹುಡುಗರಿಗೆ ಟ್ರೇನಿಂಗ್‌ನಲ್ಲಿ ಹೇಳಬೇಕು.

ತಾಂಡಾ ಮಾಸ್ತರ್, ಕಮಲಾಪುರ

ಪಿಎಸ್‌ಐ ಸಾಹೇಬರೇ, ನೀವು ಮನಸ್ಸು ಬಿಚ್ಚಿ ಬರೆದಿರಿ. ಅದಕ್ಕೆ ಕೈ ಮುಗಿಯುತ್ತೇನೆ. 1871ರಲ್ಲಿ ಬ್ರಿಟಿಷರು ಕಾಯ್ದೆ ಮಾಡಿ ಜಾತಿ ಜಾತಿಗಳನ್ನೇ ಅಪರಾಧಿ ಅಂತ ಬರೆದಿಟ್ಟರು. ಸೊಲ್ಲಾಪುರದಲ್ಲಿ ಅಂಥವರನ್ನು ಕೂಡಿಹಾಕುವ ತಂತಿ ಬೇಲಿಯ ಸೆಟ್ಲಮೆಂಟ್ ಇತ್ತು. ಆ ಪಟ್ಟಿ ರದ್ದಾಗಿದ್ದು 1952ರ ಆಗಸ್ಟ್ 31ಕ್ಕೆ. ಫಾರಂನ ಕಾಲಂ ನೋಡಿದಾಗ ನನ್ನ ಕೈ ನಡುಗಿದ್ದು ಅದಕ್ಕೇ.

ಅರಿವಳಿಕೆ ಡಾಕ್ಟರ್, ಕಲಬುರಗಿ

ಒಂದು ಸಣ್ಣ ಅನುಮಾನ. ಶವ ಗಂಡಸಿನದು ಅಂತ ರಿಪೋರ್ಟಿನಲ್ಲಿ ಬಂದಿದೆಯಾ? ಕೆಲವು ಸಲ ಅದೂ ತಪ್ಪಬಹುದು ಅಂತ ಎಲ್ಲೋ ಓದಿದ ನೆನಪು.

ಲ್ಯಾಬ್ ಅಕ್ಕ, ಬೀದರ್

ಸರಿಯಾಗಿ ಓದಿದ್ದೀರಿ ಸರ್. ಗಂಡೋ ಹೆಣ್ಣೋ ನೋಡಲು ಅಮೆಲೊಜೆನಿನ್ ಎಂಬ ಜೀನ್ ಬಳಸುತ್ತಾರೆ. ಹಲ್ಲಿನ ಹೊಳಪಿನ ಪದರಕ್ಕೆ ಸಂಬಂಧಪಟ್ಟದ್ದು. ಎಕ್ಸ್ ಮತ್ತು ವೈ ಎರಡರಲ್ಲೂ ಇದೆ, ಉದ್ದ ಮಾತ್ರ ಬೇರೆ. ಆದರೆ ಕೆಲವು ಗಂಡಸರ ವೈನಲ್ಲಿ ಈ ತುಂಡೇ ಬಿಟ್ಟುಹೋಗಿರುತ್ತದೆ. ಆಗ ಯಂತ್ರ "ಹೆಣ್ಣು" ಅನ್ನುತ್ತದೆ. ಯುರೋಪಿನಲ್ಲಿ ಇದು ಬಹಳ ಅಪರೂಪ. ನಮ್ಮಲ್ಲಿ ಅಷ್ಟು ಅಪರೂಪ ಅಲ್ಲ. 2002ರಲ್ಲಿ ತಂಗರಾಜ್ ಮತ್ತು ಜೊತೆಗಾರರು 270 ಭಾರತೀಯ ಗಂಡಸರನ್ನು ನೋಡಿದರು, ಐದು ಜನರಲ್ಲಿ ಹೀಗಿತ್ತು. ಹೊರದೇಶದ ಕಿಟ್ ತಂದು ಕಣ್ಣುಮುಚ್ಚಿ ನಂಬಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಈಗಿನ ಹೊಸ ಕಿಟ್‌ಗಳಲ್ಲಿ ವೈನ ಬೇರೆ ಗುರುತುಗಳನ್ನೂ ಸೇರಿಸಿದ್ದಾರೆ.

ವಕೀಲ, ಕಲಬುರಗಿ

ಮಾಸ್ತರ್ರೇ, ಸ್ಯಾಂಪಲ್ ಹೋಗುವ ದಾರಿ ಬಗ್ಗೆ ಒಂದು ಮಾತು. ಲೆಕ್ಕ ಎಷ್ಟೇ ಸರಿ ಇದ್ದರೂ ಡಬ್ಬಿ ದಾರಿಯಲ್ಲಿ ಕೆಟ್ಟರೆ ಎಲ್ಲಾ ಹೋಯಿತು. ದೆಹಲಿಯ ಛಾವ್ಲಾ ಅತ್ಯಾಚಾರ, ಕೊಲೆ ಪ್ರಕರಣದಲ್ಲಿ ಮುದ್ದೆಮಾಲು ಹತ್ತು ದಿನಕ್ಕೂ ಹೆಚ್ಚು ಠಾಣೆಯ ಮಾಲಖಾನೆಯಲ್ಲೇ ಇತ್ತು. ಯಾರಾದರೂ ಕೈಯಾಡಿಸಿಲ್ಲ ಅಂತ ಹೇಳಲು ಆಗದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಡಿಎನ್‌ಎ ಸಾಕ್ಷಿಯನ್ನು ನಂಬಲಿಲ್ಲ. ಗಲ್ಲು ಆಗಿದ್ದ ಮೂವರೂ ಬಿಡುಗಡೆ ಆದರು. 2025ರ ಜುಲೈನಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಅದೇ ಕೋರ್ಟ್ ನಿಯಮ ಹಾಕಿದೆ. ಸ್ಯಾಂಪಲ್ 48 ಗಂಟೆ ಒಳಗೆ ಲ್ಯಾಬ್ ಸೇರಬೇಕು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ರಿಜಿಸ್ಟರ್ ಇಡಬೇಕು. ಅವ್ವಂದಿರ ರಕ್ತ ತೆಗೆದ ದಿನ, ಸಮಯ, ಸೀಲ್ ನಂಬರ್ ನೀವೂ ಬರೆದಿಟ್ಟುಕೊಳ್ಳಿ.

ಕಾಣೆಯಾದವರಿಗೂ ಗುರುತು ಸಿಗದ ಶವಗಳಿಗೂ ಬೇರೆ ಬೇರೆ ಪಟ್ಟಿ ಇಟ್ಟು ಹೊಂದಿಸುವ ವ್ಯವಸ್ಥೆ 2019ರ ಡಿಎನ್‌ಎ ಮಸೂದೆಯಲ್ಲಿತ್ತು. ಅದರಲ್ಲಿ ಆರೋಪಿಗಳ ಡಿಎನ್‌ಎ ಇಡುವ ಬಗ್ಗೆ ಭಯವೂ ಇತ್ತು, ನನಗೂ ಇತ್ತು. 2023ರ ಜುಲೈನಲ್ಲಿ ಮಸೂದೆ ವಾಪಸ್ ಆಯಿತು. ಭಯದ ಭಾಗ ಬಿಟ್ಟು ಕಾಣೆಯಾದವರ ಭಾಗವನ್ನಾದರೂ ಕಾಯ್ದೆ ಮಾಡಬೇಕಿತ್ತು. ನಮ್ಮ ಜಿಲ್ಲೆಗಳಿಂದ ಗುಳೆ ಹೋಗುವ ಮಂದಿಯನ್ನು ನೋಡಿದರೆ ಇದು ನಮಗೇ ಎಲ್ಲರಿಗಿಂತ ಹೆಚ್ಚು ಬೇಕು.

ತಾಂಡಾ ಮಾಸ್ತರ್, ಕಮಲಾಪುರ

ಇವತ್ತು ಅವ್ವ, ಚಿಕ್ಕವ್ವ ಇಬ್ಬರೂ ರಕ್ತ ಕೊಟ್ಟರು. ವಂಶವೃಕ್ಷ ನಾನೇ ಬರೆದು ಕೊಟ್ಟೆ. ನರ್ಸ್ ಓದಿ, ಒಳಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿದರು. ಅವರು ಹೊರಗೆ ಬಂದು ಅವ್ವನನ್ನು ಕೂರಿಸಿ ಮಾತಾಡಿಸಿದರು. ಜಾತಿ ಕಾಲಂ ಖಾಲಿ ಬಿಟ್ಟೆವು. ಯಾರೂ ಏನೂ ಅನ್ನಲಿಲ್ಲ.

ಸೂಜಿ ಚುಚ್ಚುವಾಗ ಅವ್ವ ಚಿಕ್ಕವ್ವನ ಕೈ ಹಿಡಿದುಕೊಂಡಿದ್ದಳು.

ತೊಗರಿ ಹೊಲ, ಸೇಡಂ

ರಿಪೋರ್ಟ್ ಬಂದರೆ ತಿಳಿಸಿ ಮಾಸ್ತರ್ರೇ. ದಿನಾ ನೋಡುತ್ತಿರುತ್ತೇನೆ.

ತಾಂಡಾ ಮಾಸ್ತರ್, ಕಮಲಾಪುರ (ಐದು ವಾರದ ನಂತರ)

ರಿಪೋರ್ಟ್ ಬಂತು. 21 ಜಾಗಗಳಲ್ಲಿ 17 ಸಿಕ್ಕಿವೆ. ಹದಿನೇಳರಲ್ಲೂ ಅವ್ವನ ಜೊತೆ ಕೂಡಿದೆ. ಚಿಕ್ಕವ್ವನ ಜೊತೆ ಆರು ಕಡೆ ತಪ್ಪಿದೆ. ನನ್ನ ತಮ್ಮನೇ.

ಅಕ್ಕಾ, ನೀವು ಹೇಳಿದ್ದು ಹಾಗೇ ಆಯಿತು. ಅವ್ವನಿಗೆ ಹೇಳಿದಾಗ ಅವಳು ಅಳಲಿಲ್ಲ. ಮೊದಲು ತಂಗಿಯ ಮುಖ ನೋಡಿದಳು. ಚಿಕ್ಕವ್ವ ಎದ್ದು ಬಂದು ಅಕ್ಕನನ್ನು ತಬ್ಬಿಕೊಂಡಳು. ಆಮೇಲೆ ಇಬ್ಬರೂ ಅತ್ತರು.

ಲ್ಯಾಬ್ ಅಕ್ಕ, ಬೀದರ್

ಸರ್. ಏನು ಹೇಳಬೇಕೋ ತಿಳಿಯುತ್ತಿಲ್ಲ. ಚಿಕ್ಕವ್ವನ ಪ್ರೊಫೈಲ್ ಫೈಲಿನಲ್ಲೇ ಇಡಿ ಅಂತ ತನಿಖಾಧಿಕಾರಿಗೆ ಅರ್ಜಿ ಕೊಡಿ. ಮಹಾರಾಷ್ಟ್ರದಲ್ಲಿ ಬೇರೆ ಎಲ್ಲಾದರೂ ಗುರುತು ಸಿಗದವರು ಸಿಕ್ಕರೆ ಮತ್ತೆ ರಕ್ತ ತೆಗೆಯದೆ ಹೋಲಿಸಬಹುದು. ಅರ್ಜಿಯ ಕರಡು ನಾನು ಬರೆದು ಕಳಿಸುತ್ತೇನೆ.

ವಕೀಲ, ಕಲಬುರಗಿ

ಅರ್ಜಿ ನನ್ನ ಕಚೇರಿಯಿಂದ ಹೋಗಲಿ. ಫೀಸು ಇಲ್ಲ. ನಾಳೆ ಬನ್ನಿ.

ತಾಂಡಾ ಮಾಸ್ತರ್, ಕಮಲಾಪುರ

ಬರುತ್ತೇನೆ ಸರ್. ಶುಕ್ರವಾರ ರಾತ್ರಿ ರೈಲಿಗೆ ಪುಣೆಗೆ ಹೋಗುತ್ತಿದ್ದೇನೆ, ತಮ್ಮನನ್ನು ಕರೆತರಲು. ಚಿಕ್ಕಪ್ಪನೂ ಬರುತ್ತಾನೆ. ಮಗನ ಫೋಟೊ ಇಪ್ಪತ್ತು ಪ್ರತಿ ಮಾಡಿಸಿದ್ದಾನೆ. ಅಲ್ಲಿ ಎಲ್ಲ ಸೈಟಿಗೂ ಹೋಗಿ ಕೇಳುತ್ತಾನಂತೆ.